ಮುಟ್ಟದೆಯೂ ಸುಡುವ ಕರೆಂಟು

(ಕಾರ್ಖಾನೆಗಳಲ್ಲಿ ಆರ್ಕ್ ಫ್ಲ್ಯಾಶ್ ಅಪಾಯ ಮತ್ತು ಎಚ್ಚರಿಕೆ ಕುರಿತು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)



ಇವತ್ತು ನಾನು ಮಾತನಾಡಲು ಬಂದಿರುವುದು ಕರೆಂಟಿನ ಬಗ್ಗೆ. "ಕರೆಂಟಿನ ಬಗ್ಗೆ ಹೊಸದಾಗಿ ಹೇಳುವುದು ಏನಿದೆ? ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು, ಅಷ್ಟೇ ತಾನೆ?" ಎಂದು ನೀವು ಕೇಳಬಹುದು. ಹೌದು, ಚಿಕ್ಕಂದಿನಿಂದ ನಾವೆಲ್ಲ ಕಲಿತದ್ದು ಅದೊಂದೇ ಪಾಠ: ಮುಟ್ಟಬಾರದು. ಆದರೆ ಯಾರೂ ಮುಟ್ಟದೆ ಇದ್ದರೂ ಎದುರಿಗೆ ನಿಂತವನನ್ನು ಕಣ್ಣು ಮಿಟುಕಿಸುವುದರೊಳಗೆ ಸುಟ್ಟು ಹಾಕುವ ಇನ್ನೊಂದು ಅಪಾಯ ಈ ಕರೆಂಟಿನಲ್ಲಿದೆ. ಅದರ ಹೆಸರು ಆರ್ಕ್ ಫ್ಲ್ಯಾಶ್. ನಮ್ಮ ಮುಂಬಯಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು "ಪ್ಯಾನಲ್‌ನಲ್ಲಿ ಫ್ಲ್ಯಾಶ್ ಆಯಿತು" ಎನ್ನುತ್ತಾರೆ, ಮರಾಠಿ ಗೆಳೆಯರು "ಭಡಕಾ ಉಡಾಲಾ" ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅದನ್ನು ಕಣ್ಣಾರೆ ಕಂಡವನಾಗಿ ನಿಮ್ಮೊಡನೆ ಒಂದೆರಡು ಮಾತು ಹಂಚಿಕೊಳ್ಳುತ್ತೇನೆ.

ನನ್ನ ಪರಿಚಯ ಹೇಳುವುದಾದರೆ, ನಾನು ಕುಂದಾಪುರದ ಕಡೆಯವನು. ನಿಮ್ಮಲ್ಲಿ ಅನೇಕರಂತೆ ನಾನೂ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ತರಬೇತಿ, ಕೆಲವು ವರ್ಷ ಕಳೆದ ಮೇಲೆ ಸೂಪರ್‌ವೈಸರ್ ಲೈಸೆನ್ಸ್. ಅಂಧೇರಿ, ಸಾಕಿನಾಕಾ, ಭಾಂಡುಪ್, ಠಾಣೆ ಬೇಲಾಪುರ ರಸ್ತೆ, ಡೊಂಬಿವಲಿ ಎಂಐಡಿಸಿ, ಹೀಗೆ ಮೂವತ್ತೈದು ವರ್ಷ ಪ್ಯಾನಲ್‌ಗಳ ಎದುರೇ ನನ್ನ ಜೀವನ ಕಳೆಯಿತು. ಈಗ ನಿವೃತ್ತ.

2005ರ ಜುಲೈ 26 ನಿಮಗೆಲ್ಲ ನೆನಪಿರಬಹುದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿ ಕುರ್ಲಾ, ಸಾಕಿನಾಕಾ ಕಡೆಯ ನೆಲಮಾಳಿಗೆಯ ಗಾಲಾಗಳೆಲ್ಲ ನೀರಿನಲ್ಲಿ ಮುಳುಗಿದವು. ನೀರು ಇಳಿದ ಮೇಲೆ ಎಲ್ಲ ಮಾಲಕರಿಗೂ ಒಂದೇ ಅವಸರ: ಮೆಷಿನ್ ಯಾವಾಗ ಶುರು? ಅಂಥ ಒಂದು ಚಿಕ್ಕ ಕಾರ್ಖಾನೆಯ ಕೆಲಸ ನನ್ನ ಪಾಲಿಗೆ ಬಂತು. ಪ್ಯಾನಲ್‌ನ ಕೆಳಭಾಗ ನೀರು ಕುಡಿದಿತ್ತು. ನಾವು ಹ್ಯಾಲೊಜನ್ ದೀಪ ಹಚ್ಚಿಟ್ಟು ಎರಡು ದಿನ ಒಣಗಿಸಿದೆವು, ಮೆಗರ್ ಹಾಕಿ ನೋಡಿದೆವು, ಎಲ್ಲ ಸರಿ ಬಂತು. ಉಳಿದದ್ದು ನಟ್ಟು ಬೋಲ್ಟು ಬಿಗಿ ಮಾಡುವುದೊಂದೇ.

ಇಲ್ಲಿ ಒಂದು ವಿಷಯ ನೀವು ಗಮನಿಸಬೇಕು. ಮೇನ್ ಬ್ರೇಕರ್ ಆಫ್ ಮಾಡಿದರೆ ಪ್ಯಾನಲ್ ಪೂರ್ತಿ ಸತ್ತಿತು ಎಂದು ಅನೇಕರು ತಿಳಿಯುತ್ತಾರೆ. ಅದು ತಪ್ಪು. ಬ್ರೇಕರ್‌ನಿಂದ ಮುಂದಕ್ಕೆ ಮಾತ್ರ ಕರೆಂಟ್ ನಿಲ್ಲುತ್ತದೆ. ಬ್ರೇಕರ್‌ಗೆ ಹೊರಗಿನಿಂದ ಕೇಬಲ್ ಬಂದು ಸೇರುವ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನೂ ನಿಲ್ಲಿಸಬೇಕಾದರೆ ಕರೆಂಟ್ ಕಂಪನಿಗೆ ಅರ್ಜಿ ಕೊಟ್ಟು ಶಟ್‌ಡೌನ್ ಪಡೆಯಬೇಕು. ಆ ವಾರ ಇಡೀ ಉಪನಗರವೇ ಅವರ ಬಾಗಿಲಲ್ಲಿ ನಿಂತಿತ್ತು. ಕೇಳಿದರೆ ಒಂದು ದಿನ ಹೋಗುತ್ತಿತ್ತು. ಮಾಲಕರು ನನ್ನ ಮುಖ ನೋಡಿದರು. ನಾನು ಹೇಳಿದೆ, "ಬೇಡ, ಐದು ನಿಮಿಷದ ಕೆಲಸ, ಮುಗಿಸಿ ಬಿಡುವ."

ನನ್ನ ಜೊತೆ ಇದ್ದ ಹುಡುಗ ನಮ್ಮ ಊರಿನ ಕಡೆಯವನೇ, ಇಪ್ಪತ್ತೆರಡು ವರ್ಷ. ಒಳ್ಳೆಯ ಕೆಲಸಗಾರ. ಕಾಲಡಿಯಲ್ಲಿ ರಬ್ಬರ್ ಮ್ಯಾಟ್, ಕಾಲಿಗೆ ರಬ್ಬರ್ ಸೋಲಿನ ಬೂಟು. ಶಾಕ್ ಹೊಡೆಯದಿರಲು ಬೇಕಾದ್ದೆಲ್ಲ ಇತ್ತು. "ಮೇಲಿನ ಟರ್ಮಿನಲ್‌ಗೆ ಕೈ ಹಾಕಬೇಡ" ಎಂದು ನಾನೂ ಹೇಳಿದ್ದೆ. ಅವನು ಹಾಕಲಿಲ್ಲ. ಕೆಳಗಿನ ಬೋಲ್ಟಿಗೆ ಬಲ ಹಾಕಿ ಪಾನಾ ಮೇಲಕ್ಕೆ ಎಳೆಯುವಾಗ ಅದು ಜಾರಿ ಕೈಬಿಟ್ಟು ಮೇಲಕ್ಕೆ ಹಾರಿತು. ಒಣಗಲಿಕ್ಕೆಂದು ಬಿಚ್ಚಿಟ್ಟ ಮೇಲಿನ ಹೈಲಮ್ ಶೀಟನ್ನು ನಾವು ವಾಪಸು ಹಾಕಿರಲಿಲ್ಲ. ಪಾನಾ ಹೋಗಿ ಎರಡು ಫೇಸ್‌ಗಳ ನಡುವೆ ಬಿತ್ತು.

ಹಸಿರು ಬೆರೆತ ಬಿಳಿ ಬೆಳಕು, ಗರ್ನಾಲು ಸಿಡಿದ ಹಾಗೆ ಒಂದು ಸದ್ದು. ನಾನು ಎರಡು ಮಾರು ಹಿಂದೆ ಇದ್ದೆ, ನನ್ನ ಹುಬ್ಬು ಸುಟ್ಟಿತು, ಕಿವಿ ಎರಡು ದಿನ ಗುಂಯ್ ಎನ್ನುತ್ತಿತ್ತು. ಆ ಹುಡುಗನ ಮುಖ, ಕುತ್ತಿಗೆ, ಎರಡೂ ಕೈ ಸುಟ್ಟು ಹೋದವು. ಅವನು ಹಾಕಿದ್ದು ಟೆರಿಕಾಟ್ ಅಂಗಿ. ಅದು ಕರಗಿ ಎದೆಗೆ ಅಂಟಿಕೊಂಡಿತು. ಆಸ್ಪತ್ರೆಯಲ್ಲಿ ನಲವತ್ತು ದಿನ. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು.

ಮತ್ಸ್ಯಗಂಧ ರೈಲಿನಲ್ಲಿ ಅವನ ತಾಯಿ ಬಂದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ನನ್ನನ್ನು ಕೇಳಿದರು: "ಅಂವ ಕರೆಂಟ್ ಮುಟ್ಲೇ ಇಲ್ಲ ಅಂಬ್ರ್. ಹಂಗಾರೆ ಸುಟ್ಟದ್ದ್ ಎಂತದ್ ಮಗಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಸೆನ್ಸ್ ಇದ್ದ ಸೂಪರ್‌ವೈಸರ್ ನಾನು, ಇಪ್ಪತ್ತು ವರ್ಷದ ಅನುಭವ, ಆದರೂ ಆ ತಾಯಿಗೆ ಸರಿಯಾಗಿ ಹೇಳಲು ನನಗೆ ಬರಲಿಲ್ಲ. ಆಮೇಲೆ ಹುಡುಕಿ ಓದಿ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಸಾಮಾನ್ಯವಾಗಿ ಗಾಳಿಯೊಳಗೆ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಪ್ಯಾನಲ್ ಒಳಗೆ ತಾಮ್ರದ ಪಟ್ಟಿಗಳ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಸಾಕಾಗುತ್ತದೆ. ಆ ಜಾಗದಲ್ಲಿ ಒಂದು ಪಾನಾ ಬಿದ್ದರೆ, ಇಲಿ ನುಸುಳಿದರೆ, ಹಲ್ಲಿ ಅಡ್ಡ ಬಂದರೆ ಅಥವಾ ತೇವದ ಧೂಳು ಕೂತರೆ ಒಂದು ಕಿಡಿ ಹಾರುತ್ತದೆ. ಆ ಕಿಡಿಗೆ ಲೋಹ ಆವಿಯಾಗುತ್ತದೆ. ಆವಿಯಾದ ಲೋಹ ಮತ್ತು ಕಾದ ಗಾಳಿ ಸೇರಿದರೆ ಅದರೊಳಗೆ ಕರೆಂಟ್ ಸರಾಗ ಹರಿಯುತ್ತದೆ. ಅಂದರೆ ಗಾಳಿಯೇ ತಂತಿಯಾಗಿ ಬಿಡುತ್ತದೆ. ಪಾನಾ ಕರಗಿ ಹೋದರೂ ಆ ಬೆಂಕಿ ನಿಲ್ಲುವುದಿಲ್ಲ. ಇದೇ ಆರ್ಕ್. ವೆಲ್ಡಿಂಗ್ ಮಾಡುವಾಗ ನೀವು ನೋಡುವುದೂ ಇದನ್ನೇ. ಆದರೆ ವೆಲ್ಡಿಂಗ್‌ನಲ್ಲಿ ಹರಿಯುವುದು ನೂರೋ ಇನ್ನೂರೋ ಆಂಪಿಯರ್. ಪ್ಯಾನಲ್‌ನಲ್ಲಿ ಸಾವಿರಾರು.

ಅದರ ಬಿಸಿ ಎಷ್ಟು ಗೊತ್ತೇ? ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಆರ್ಕ್‌ನ ಒಳಗೆ 20,000 ಡಿಗ್ರಿಯ ಹತ್ತಿರ ಹೋಗಬಹುದು. ತಾಮ್ರ ಗಟ್ಟಿಯಾಗಿದ್ದಾಗ ಇರುವ ಗಾತ್ರಕ್ಕಿಂತ ಆವಿಯಾದಾಗ ಸುಮಾರು 67,000 ಪಟ್ಟು ಹಿಗ್ಗುತ್ತದೆ. ಹಾಗಾಗಿ ಬರೀ ಬೆಂಕಿಯಲ್ಲ, ಅದು ಸ್ಫೋಟ. ಬಾಗಿಲು ಕಿತ್ತು ಬರುತ್ತದೆ, ಕರಗಿದ ತಾಮ್ರದ ಹನಿಗಳು ಗುಂಡಿನಂತೆ ಹಾರುತ್ತವೆ, ಸದ್ದಿಗೆ ಕಿವಿಯ ತಮಟೆ ಒಡೆಯಬಹುದು, ಬೆಳಕಿಗೆ ಕಣ್ಣು ಹೋಗಬಹುದು. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ. ಓಡಲು, ತಲೆ ತಗ್ಗಿಸಲು, ಕಣ್ಣು ಮುಚ್ಚಲೂ ಸಮಯ ಸಿಗುವುದಿಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಇದು: ಅವನನ್ನು ಸುಟ್ಟದ್ದು ಮೈಯೊಳಗೆ ಹರಿದ ಕರೆಂಟ್ ಅಲ್ಲ, ಗಾಳಿಯೊಳಗೆ ಹರಿದ ಕರೆಂಟಿನ ಬಿಸಿ.

ಇದು ನಮಗೆ ಗೊತ್ತಿಲ್ಲದೆ ಇದ್ದದ್ದು ಆಶ್ಚರ್ಯವಲ್ಲ. ಪ್ರಪಂಚಕ್ಕೇ ಇದು ತಡವಾಗಿ ಅರ್ಥವಾಯಿತು. ಮುಂಬಯಿಯಲ್ಲಿ ವಿದ್ಯುತ್ 1905ರ ಸುಮಾರಿಗೆ ಬಂತು. 1915ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುತ್ತು ಇಲ್ಲಿನ ಬಟ್ಟೆ ಮಿಲ್ಲುಗಳಿಗೆ ಬಂತು. ಅಂದಿನಿಂದ ಪ್ಯಾನಲ್ ರೂಮಿನ ಗೋಡೆಯ ಮೇಲೆ ಶಾಕ್ ಹೊಡೆದವನಿಗೆ ಪ್ರಥಮ ಚಿಕಿತ್ಸೆ ಕೊಡುವ ಚಿತ್ರಪಟ ತೂಗು ಹಾಕುವ ಪದ್ಧತಿ ಬೆಳೆದು ಬಂತು. ಕರೆಂಟಿನ ಅಪಾಯ ಎಂದರೆ ಶಾಕ್ ಎಂದೇ ಎಲ್ಲರ ತಿಳುವಳಿಕೆ. 1982ರಲ್ಲಿ ರಾಲ್ಫ್ ಲೀ ಎಂಬ ಅಮೆರಿಕದ ಇಂಜಿನಿಯರರು "ಇನ್ನೊಂದು ವಿದ್ಯುತ್ ಅಪಾಯ" ಎಂಬ ಅರ್ಥದ ಶೀರ್ಷಿಕೆ ಕೊಟ್ಟು ಒಂದು ಲೇಖನ ಬರೆದರು. ಆರ್ಕ್‌ನ ಬಿಸಿ ಎಷ್ಟು ದೂರದವರೆಗೆ ಮನುಷ್ಯನ ಚರ್ಮವನ್ನು ಸುಡಬಲ್ಲದು ಎಂದು ಅದರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದರ ಮೇಲೆ ಕಟ್ಟಿದ ಪ್ರಯೋಗಗಳಿಂದ 2002ರಲ್ಲಿ ಐಇಇಇ 1584 ಎಂಬ ಲೆಕ್ಕಾಚಾರದ ಮಾರ್ಗಸೂಚಿ ಬಂತು, 2018ರಲ್ಲಿ ಅದನ್ನು ಪರಿಷ್ಕರಿಸಿದರು.

ಆ ಲೆಕ್ಕದಲ್ಲಿ ಒಂದು ಅಂಕಿ ನೀವು ನೆನಪಿಡಿ: 1.2. ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ 1.2 ಕ್ಯಾಲೊರಿ ಶಾಖ ಬಿದ್ದರೆ ಗುಳ್ಳೆ ಏಳುವ, ಅಂದರೆ ಎರಡನೆಯ ದರ್ಜೆಯ, ಸುಟ್ಟಗಾಯ ಶುರುವಾಗುತ್ತದೆ. ಮೇಣದ ಬತ್ತಿಯ ಜ್ವಾಲೆಯ ತುದಿಗೆ ಒಂದು ಸೆಕೆಂಡು ಬೆರಳು ಹಿಡಿದಷ್ಟು ಎಂದುಕೊಳ್ಳಿ. ದೊಡ್ಡ ಪ್ಯಾನಲ್‌ಗಳ ಎದುರು ಇದು 8 ಆಗಬಹುದು, 25 ಆಗಬಹುದು, 40 ಕೂಡ ದಾಟಬಹುದು.

ಈ ಶಾಖ ಮೂರು ಸಂಗತಿಗಳ ಮೇಲೆ ನಿಂತಿದೆ: ಎಷ್ಟು ಕರೆಂಟ್ ಹರಿಯಿತು, ಎಷ್ಟು ಹೊತ್ತು ಹರಿಯಿತು, ನೀವು ಎಷ್ಟು ದೂರ ಇದ್ದಿರಿ.

ಮೊದಲು ಕರೆಂಟ್. 11 ಕೆವಿ ಎಂದರೆ ಎಲ್ಲರೂ ಹೆದರಿ ದೂರ ನಿಲ್ಲುತ್ತಾರೆ. 415 ವೋಲ್ಟ್ ಎಂದರೆ "ಅದೆಂಥದ್ದು, ದಿನಾ ಮಾಡುವ ಕೆಲಸ" ಎನ್ನುತ್ತಾರೆ. ಆದರೆ ಲೆಕ್ಕ ನೋಡಿ. 1000 ಕೆವಿಎಯ ಒಂದು ಟ್ರಾನ್ಸ್‌ಫಾರ್ಮರ್ 415 ವೋಲ್ಟಿನ ಬದಿಯಲ್ಲಿ ಪೂರ್ತಿ ಲೋಡಿನಲ್ಲಿ ಸುಮಾರು 1,400 ಆಂಪಿಯರ್ ಕೊಡುತ್ತದೆ. ಅದರ ಬಾಯಲ್ಲಿ ನೇರ ಶಾರ್ಟ್ ಆದರೆ ಸುಮಾರು 28,000 ಆಂಪಿಯರ್ ಹರಿಯಬಲ್ಲದು. ಹಾಗಾಗಿ ಟ್ರಾನ್ಸ್‌ಫಾರ್ಮರ್‌ನ ಹತ್ತಿರದ 415 ವೋಲ್ಟ್ ಪ್ಯಾನಲ್ ಎಷ್ಟೋ ಸಲ 11 ಕೆವಿಗಿಂತ ಹೆಚ್ಚು ಸುಡುತ್ತದೆ. ಕೈಗೆ ಹತ್ತಿರ ಇರುವುದೂ ಅದೇ.

ಎರಡನೆಯದು ಸಮಯ. ಬ್ರೇಕರ್ ಹತ್ತನೇ ಒಂದು ಸೆಕೆಂಡಿನಲ್ಲಿ ಟ್ರಿಪ್ ಆದರೆ ಒಂದು ಲೆಕ್ಕ, ಒಂದು ಸೆಕೆಂಡು ತೆಗೆದುಕೊಂಡರೆ ಹತ್ತು ಪಟ್ಟು ಶಾಖ. ಈಗ ನಮ್ಮ ಕಾರ್ಖಾನೆಗಳಲ್ಲಿ ನಡೆಯುವುದನ್ನು ನೋಡಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆ ಎಂದು ದಪ್ಪ ತಂತಿ ಸುತ್ತುತ್ತಾರೆ. ಬ್ರೇಕರ್ ಟ್ರಿಪ್ ಆಗುತ್ತದೆ ಎಂದು ಸೆಟ್ಟಿಂಗ್ ಮೇಲೇರಿಸಿ ಬಿಡುತ್ತಾರೆ. ಉತ್ಪಾದನೆ ನಿಲ್ಲಬಾರದಲ್ಲ! ಹಾಗೆ ತಿರುಗಿಸಿದ ಒಂದು ಗುಂಡಿ, ಮುಂದೆಂದೋ ಫ್ಲ್ಯಾಶ್ ಆದ ದಿನ, ಎದುರು ನಿಂತವನ ಪಾಲಿಗೆ ಎಷ್ಟು ಭಾರಿಯಾಗುತ್ತದೆ ಎಂದು ತಿರುಗಿಸಿದವನಿಗೆ ಗೊತ್ತಿರುವುದಿಲ್ಲ. ಆರ್ಕ್‌ನಲ್ಲಿ ಹರಿಯುವ ಕರೆಂಟ್ ನೇರ ಶಾರ್ಟ್‌ಗಿಂತ ಕಡಿಮೆ. ಆದ್ದರಿಂದ ಸೆಟ್ಟಿಂಗ್ ಮೇಲಿದ್ದರೆ ಬ್ರೇಕರ್ ಅದನ್ನು ಶಾರ್ಟ್ ಎಂದು ಗುರುತಿಸಲು ಇನ್ನೂ ತಡ ಮಾಡುತ್ತದೆ.

ಮೂರನೆಯದು ದೂರ. ಎರಡು ಹೆಜ್ಜೆ ಹಿಂದೆ ನಿಂತ ನನಗೆ ಹುಬ್ಬು ಹೋಯಿತು, ಒಂದೂವರೆ ಅಡಿ ದೂರದಲ್ಲಿದ್ದ ಹುಡುಗನಿಗೆ ಕೈ ಹೋಯಿತು. ದೂರದ ಬೆಲೆ ನನಗೆ ಹೀಗೆ ತಿಳಿಯಿತು.

ಇನ್ನು ನಮ್ಮ ಮುಂಬಯಿಗೇ ವಿಶೇಷವಾದ ಒಂದೆರಡು ಕಾರಣಗಳಿವೆ. ನಾಲ್ಕು ತಿಂಗಳ ಮಳೆಗಾಲ, ಮೂರು ಕಡೆ ಉಪ್ಪುಗಾಳಿ. ಪ್ಯಾನಲ್ ಒಳಗೆ ತೇವ ಕೂರುತ್ತದೆ, ಜೋಡಣೆಗಳು ಹಸಿರು ಕಟ್ಟುತ್ತವೆ, ಸಡಿಲಾದ ಬೋಲ್ಟು ಕಾಯುತ್ತದೆ. ಇಲಿಗಳ ಬಗ್ಗೆ ನಾನು ಹೇಳಬೇಕಾಗಿಲ್ಲ, ಮುಂಬಯಿಯವರಿಗೆ ಅದು ಗೊತ್ತಿದ್ದದ್ದೇ. ಕೇಬಲ್ ಬರುವ ತೂತನ್ನು ಮುಚ್ಚದೆ ಬಿಟ್ಟರೆ ಅದು ಇಲಿಗೆ ಹೆಬ್ಬಾಗಿಲು. ಇವಕ್ಕೆಲ್ಲ ಪರಿಹಾರ ದುಬಾರಿಯದೇನಲ್ಲ. ತೂತು ಮುಚ್ಚುವುದು, ಮಳೆಗಾಲದಲ್ಲಿ ಪ್ಯಾನಲ್ ಒಳಗಿನ ಹೀಟರ್ ಹಚ್ಚಿಡುವುದು, ಬರುವ ಟರ್ಮಿನಲ್‌ಗಳ ಮೇಲೆ ಮುಚ್ಚಳದ ಶೀಟ್ ಯಾವಾಗಲೂ ಇರುವಂತೆ ನೋಡಿಕೊಳ್ಳುವುದು, ವರ್ಷಕ್ಕೊಮ್ಮೆ ಪೂರ್ತಿ ಬಂದ್ ಮಾಡಿ ಧೂಳು ಒರೆಸಿ ಬೋಲ್ಟು ಬಿಗಿ ಮಾಡುವುದು. ಕಾಯುತ್ತಿರುವ ಜೋಡಣೆಯನ್ನು ದೂರದಿಂದಲೇ ತೋರಿಸುವ ಥರ್ಮಲ್ ಕ್ಯಾಮರಾ ಈಗ ಬಾಡಿಗೆಗೂ ಸಿಗುತ್ತದೆ.

ದೊಡ್ಡ ಕಾರ್ಖಾನೆಗಳು ಇನ್ನೂ ಮುಂದೆ ಹೋಗಿವೆ. ಒಳಗೆ ಆರ್ಕ್ ಆದರೂ ಬೆಂಕಿ ಮುಂದಕ್ಕೆ ಬರದೆ ಮೇಲಿನ ಕೊಳವೆಯಿಂದ ಹೊರಹೋಗುವಂತೆ ಕಟ್ಟಿ ಪರೀಕ್ಷೆ ಮಾಡಿದ ಪ್ಯಾನಲ್‌ಗಳಿವೆ. ಆರ್ಕ್‌ನ ಬೆಳಕನ್ನು ಕಂಡ ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ರೇಕರ್‌ಗೆ ಆಜ್ಞೆ ಕೊಡುವ ರಿಲೇಗಳಿವೆ. ಬ್ರೇಕರನ್ನು ದೂರದ ಕೋಣೆಯಿಂದಲೇ ಹಾಕಿ ತೆಗೆಯುವ ವ್ಯವಸ್ಥೆ ಇದೆ. ಪ್ಯಾನಲ್ ಬಾಗಿಲಿಗೆ "ಇಲ್ಲಿ ಇಷ್ಟು ಕ್ಯಾಲೊರಿ, ಇಷ್ಟು ದೂರ ನಿಲ್ಲಿ" ಎಂದು ಚೀಟಿ ಅಂಟಿಸುತ್ತಾರೆ. ಹೊಸ ಪ್ಯಾನಲ್ ಕೊಳ್ಳುವ ಮಾಲಕರು ಕೇಳಿದರೆ ಇವೆಲ್ಲ ಸಿಗುತ್ತವೆ.

ಆದರೆ ಕೇಳುಗರೇ, ಇವೆಲ್ಲಕ್ಕಿಂತ ದೊಡ್ಡ ರಕ್ಷಣೆಗೆ ದುಡ್ಡೇ ಬೇಡ. ಬಂದ್ ಮಾಡಿ ಕೆಲಸ ಮಾಡುವುದು. ಕರೆಂಟ್ ಇಲ್ಲದ ಪ್ಯಾನಲ್‌ನಲ್ಲಿ ಆರ್ಕ್ ಆಗಲು ಸಾಧ್ಯವೇ ಇಲ್ಲ. ಊರಿನಲ್ಲಿ ಲೈನ್‌ಮನ್‌ಗಳು "ಲೈನ್ ಕ್ಲಿಯರ್" ತೆಗೆದುಕೊಳ್ಳದೆ ಕಂಬ ಹತ್ತುವುದಿಲ್ಲ, ಅದೇ ನಿಯಮ ಇಲ್ಲಿಯೂ. ಅದನ್ನು ಐದು ಹೆಜ್ಜೆಯಾಗಿ ಹೇಳುತ್ತೇನೆ, ದಯವಿಟ್ಟು ಬರೆದುಕೊಳ್ಳಿ.

ಒಂದು, ಕರೆಂಟ್ ಎಲ್ಲೆಲ್ಲಿಂದ ಬರುತ್ತದೆ ಎಂದು ಪತ್ತೆ ಮಾಡಿ. ಮೇನ್ ಒಂದೇ ಅಲ್ಲ, ಜನರೇಟರ್, ಯುಪಿಎಸ್, ಕೆಪಾಸಿಟರ್, ಈಗ ಛಾವಣಿಯ ಸೋಲಾರ್ ಕೂಡ ಇದೆ.

ಎರಡು, ಎಲ್ಲವನ್ನೂ ಆಫ್ ಮಾಡಿ. ಬರುವ ಟರ್ಮಿನಲ್ ಹತ್ತಿರ ಕೆಲಸವಿದ್ದರೆ ಕರೆಂಟ್ ಕಂಪನಿಯಿಂದ ಬರವಣಿಗೆಯಲ್ಲಿ ಶಟ್‌ಡೌನ್ ತೆಗೆದುಕೊಳ್ಳಿ. ಬ್ರೇಕರ್ ಆಫ್ ಮಾಡುವಾಗ ಬಾಗಿಲು ಮುಚ್ಚಿರಲಿ, ಎದುರಿಗೆ ನಿಲ್ಲದೆ ಬದಿಗೆ ನಿಂತು, ಮುಖ ಆಚೆ ತಿರುಗಿಸಿ ಮಾಡಿ.

ಮೂರು, ಬೀಗ ಹಾಕಿ. ಕೀಲಿ ಕೆಲಸ ಮಾಡುವವನ ಕಿಸೆಯಲ್ಲೇ ಇರಬೇಕು. ಸೂಪರ್‌ವೈಸರ್ ಮೇಜಿನ ಮೇಲೆ ಅಲ್ಲ, ವಾಚ್‌ಮನ್ ಹತ್ತಿರ ಅಲ್ಲ. "ಕೆಲಸ ನಡೆಯುತ್ತಿದೆ" ಎಂಬ ಬೋರ್ಡು ತೂಗಿಸಿ.

ನಾಲ್ಕು, ಕರೆಂಟ್ ಹೋಗಿದೆಯೇ ಎಂದು ಪರೀಕ್ಷೆ ಮಾಡಿ. ಮೊದಲು ಕರೆಂಟ್ ಇರುವಲ್ಲಿ ಟೆಸ್ಟರ್ ಸರಿ ಇದೆಯೇ ನೋಡಿ, ಆಮೇಲೆ ಕೆಲಸದ ಜಾಗ ನೋಡಿ, ಮತ್ತೆ ಇನ್ನೊಮ್ಮೆ ಟೆಸ್ಟರ್ ನೋಡಿ. ಕೆಟ್ಟು ಹೋದ ಟೆಸ್ಟರ್ ಎಷ್ಟೋ ಜನರ ಜೀವ ತೆಗೆದಿದೆ.

ಐದು, ಅರ್ಥ್ ಮಾಡಿ, ಉಳಿದ ಚಾರ್ಜ್ ಇಳಿಸಿ. ಆಮೇಲೆಯೇ ಪಾನಾಕ್ಕೆ ಕೈ ಹಾಕಿ.

ನಾಲ್ಕನೆಯ ಹೆಜ್ಜೆ ಮುಗಿಯುವ ತನಕ ಪ್ಯಾನಲ್ ಜೀವಂತ ಇದೆ ಎಂದೇ ಲೆಕ್ಕ. ಆದ್ದರಿಂದ ಆ ಪರೀಕ್ಷೆ ಮಾಡುವವನಿಗೆ ಸರಿಯಾದ ಬಟ್ಟೆ ಬೇಕು. ಇಲ್ಲಿಯೂ ಒಂದು ತಪ್ಪು ತಿಳುವಳಿಕೆ ಇದೆ. ಪ್ಯಾನಲ್ ಎದುರು ಹಾಸುವ ರಬ್ಬರ್ ಮ್ಯಾಟ್‌ಗೆ ನಮ್ಮಲ್ಲಿ ಐಎಸ್ 15652 ಎಂಬ ಮಾನಕ ಇದೆ, ಅದು ಬೇಕೇ ಬೇಕು. ಆದರೆ ಅದು ಕಾಪಾಡುವುದು ಶಾಕ್‌ನಿಂದ. ಫ್ಲ್ಯಾಶ್ ಬರುವುದು ಮುಖಕ್ಕೆ, ಎದೆಗೆ, ಕೈಗೆ. ಅದಕ್ಕೆ ಆರ್ಕ್ ತಡೆಯುವ ಬೇರೆ ಬಟ್ಟೆ, ಮುಖಕ್ಕೆ ಗುರಾಣಿಯಂಥ ಮುಸುಕು, ಕಿವಿಗೆ ತುಂಬುವ ಪ್ಲಗ್ಗು, ಕೈಗೆ ರಬ್ಬರಿನ ಮೇಲೆ ಚರ್ಮದ ಗವಸು ಬೇಕು. ಆ ಬಟ್ಟೆಯ ಮೇಲೆ 8, 25, 40 ಎಂದು ಕ್ಯಾಲೊರಿ ಬರೆದಿರುತ್ತದೆ, ಪ್ಯಾನಲ್‌ನ ಅಂಕಿಗಿಂತ ಬಟ್ಟೆಯ ಅಂಕಿ ಕಡಿಮೆ ಇರಬಾರದು. ಟೆರಿಕಾಟ್, ನೈಲಾನ್, ಪಾಲಿಯೆಸ್ಟರ್ ಬನಿಯನ್ ಕೂಡ ಬೇಡ, ಕರಗಿ ಮೈಗೆ ಅಂಟುತ್ತದೆ. ಒಳಗೆ ಹತ್ತಿಯ ಬಟ್ಟೆ ಇರಲಿ. ಕೈಗಡಿಯಾರ, ಉಂಗುರ, ಕಡಗ, ಕೊರಳ ಸರ, ಬೆಳ್ಳಿಯ ಉಡಿದಾರ ಎಲ್ಲ ತೆಗೆದಿಡಿ. ಎಷ್ಟಾದರೂ ಬಟ್ಟೆ ಕೊನೆಯ ರಕ್ಷಣೆ. ಸೂಟ್ ಇದೆ ಎಂದು ಜೀವಂತ ಪ್ಯಾನಲ್ ತೆರೆಯುವುದು ಜಾಣತನವಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳಿದರೆ, 1956ರ ವಿದ್ಯುತ್ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, 2023ರಲ್ಲಿ ಅವೂ ಹೊಸದಾದವು. ಅಧಿಕಾರ ಕೊಡದ ವ್ಯಕ್ತಿ ಜೀವಂತ ಲೈನಿನ ಮೇಲೆ ಕೆಲಸ ಮಾಡುವಂತಿಲ್ಲ, ಅದಕ್ಕೆ ಸಹಾಯಕನಾಗಿಯೂ ನಿಲ್ಲುವಂತಿಲ್ಲ ಎಂಬುದು ಇವುಗಳ ಮುಖ್ಯ ಮಾತು. ಈ "ಸಹಾಯಕ" ಎಂಬ ಮಾತಿಗೆ ಒತ್ತು ಕೊಟ್ಟು ಹೇಳುತ್ತೇನೆ. ನಮ್ಮಲ್ಲಿ ಪರ್ಮನೆಂಟ್ ಇಂಜಿನಿಯರರಿಗೆ ಸೂಟ್ ಇರುತ್ತದೆ, ತರಬೇತಿ ಇರುತ್ತದೆ. ಕಂತ್ರಾಟುದಾರನ ಜೊತೆ ಬಂದ ಹೆಲ್ಪರ್ ಹುಡುಗ ಬನಿಯನ್ನು, ಚಪ್ಪಲಿಯಲ್ಲಿ ಬ್ಯಾಟರಿ ದೀಪ ಹಿಡಿದು ನಿಂತಿರುತ್ತಾನೆ. ಫ್ಲ್ಯಾಶ್‌ಗೆ ಪರ್ಮನೆಂಟ್ ಯಾರು, ಕಂತ್ರಾಟು ಯಾರು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ಹೊರಗೆ ಬರುವ ದಾರಿಯ ಬಗ್ಗೆ. 2020ರ ಆಗಸ್ಟ್ 20ರ ರಾತ್ರಿ ಶ್ರೀಶೈಲದ ಎಡದಂಡೆಯ ಭೂಗತ ವಿದ್ಯುದಾಗಾರದಲ್ಲಿ ಪ್ಯಾನಲ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಸುರಂಗದ ತುಂಬ ಹೊಗೆ ತುಂಬಿತು. ಇಂಜಿನಿಯರರೂ ಸೇರಿ 9 ಮಂದಿ ಹೊರಗೆ ಬರಲಾಗದೆ ತೀರಿಕೊಂಡರು. ಮಲ್ಲಿಕಾರ್ಜುನನ ದರ್ಶನಕ್ಕೆ ನಮ್ಮವರು ಸಾವಿರಾರು ಜನ ಹೋಗುವ ಊರದು, ಆ ಸುದ್ದಿ ಕೇಳಿ ನಮಗೆಲ್ಲ ಕರುಳು ಚುರ್ ಎಂದಿತ್ತು. ಬೆಂಕಿ ಪ್ಯಾನಲ್‌ನಲ್ಲಿ ಹುಟ್ಟಿದರೂ ಕೊಲ್ಲುವುದು ಹೊಗೆ. ನಿಮ್ಮ ಪ್ಯಾನಲ್ ರೂಮು ನೋಡಿ. ಹಳೆಯ ಪೇಂಟ್ ಡಬ್ಬ, ರಟ್ಟಿನ ಪೆಟ್ಟಿಗೆ, ಮುರಿದ ಕುರ್ಚಿ ತುಂಬಿದೆಯೇ? ಇವತ್ತೇ ಖಾಲಿ ಮಾಡಿಸಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಇದು ಕಾರ್ಖಾನೆಗೆ ಮಾತ್ರವಲ್ಲ, ಹೋಟೆಲು ನಡೆಸುವ ನಮ್ಮ ಬಂಧುಗಳಿಗೂ, ಸೊಸೈಟಿಯ ಮೀಟರ್ ರೂಮಿಗೂ ಅನ್ವಯಿಸುತ್ತದೆ.

ದೇವರು ಹಾಗೆ ಮಾಡದಿರಲಿ, ಆದರೂ ಅವಘಡ ಆದರೆ ಏನು ಮಾಡಬೇಕು? ಮೊದಲು ಕರೆಂಟ್ ಬಂದ್ ಮಾಡಿಸಿ, ಆಮೇಲೆ ಹತ್ತಿರ ಹೋಗಿ. ಬಟ್ಟೆಗೆ ಬೆಂಕಿ ಹತ್ತಿದ್ದರೆ ಓಡಲು ಬಿಡಬೇಡಿ, ನೆಲದ ಮೇಲೆ ಉರುಳಿಸಿ. ಉಸಿರಾಟ ನೋಡಿ. ಸುಟ್ಟ ಜಾಗದ ಮೇಲೆ ನಲ್ಲಿಯ ತಣ್ಣೀರು ಇಪ್ಪತ್ತು ನಿಮಿಷ ಹರಿಯಲಿ. ಮಂಜುಗಡ್ಡೆ ಬೇಡ. ನಮ್ಮ ಕಡೆ ದೋಸೆ ಹಿಟ್ಟು, ಶಾಯಿ, ತುಪ್ಪ, ಟೂತ್ ಪೇಸ್ಟ್ ಹಚ್ಚುವ ರೂಢಿ ಇದೆ, ಯಾವುದನ್ನೂ ಹಚ್ಚಬೇಡಿ. ಅಂಟಿದ ಬಟ್ಟೆ ಎಳೆಯಬೇಡಿ. ಬೆರಳು ಊದುವ ಮೊದಲು ಉಂಗುರ ತೆಗೆಯಿರಿ. ಶುದ್ಧ ಹತ್ತಿಯ ಬಟ್ಟೆ ಹೊದಿಸಿ 108ಕ್ಕೆ ಫೋನ್ ಮಾಡಿ. ಚಿಂಚ್‌ಪೋಕ್ಲಿಯ ಕಸ್ತೂರ್ಬಾ, ಸಾಯನ್ ಆಸ್ಪತ್ರೆ, ಭಾಯಖಳಾದ ಮಸೀನಾ, ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್, ಇವು ಸುಟ್ಟಗಾಯದ ಚಿಕಿತ್ಸೆಗೆ ಹೆಸರಾದ ಜಾಗಗಳು. ಗಾಯ ಚಿಕ್ಕದು ಕಂಡರೂ ಕಣ್ಣು, ಕಿವಿ, ಶ್ವಾಸ ತೋರಿಸಿಯೇ ಮನೆಗೆ ಬನ್ನಿ.

ಕೊನೆಯದಾಗಿ, ಯಾರು ಏನು ಮಾಡಬಹುದು ಎಂದು ಹೇಳಿ ಮುಗಿಸುತ್ತೇನೆ.

ನೀವು ಮಾಲಕರಾಗಿದ್ದರೆ, "ಬಂದ್ ಮಾಡಿಯೇ ಕೆಲಸ ಮಾಡಿ, ಒಂದು ದಿನದ ನಷ್ಟ ನನಗಿರಲಿ" ಎಂದು ನೀವಾಗಿ ಹೇಳಿ. ಕೆಲಸದವನು ತಾನಾಗಿ ಅದನ್ನು ಕೇಳುವುದಿಲ್ಲ, ಅವನಿಗೆ ಸಂಕೋಚ, ಕೆಲಸ ಹೋಗುವ ಭಯ. ನೀವು ಸೂಪರ್‌ವೈಸರ್ ಆಗಿದ್ದರೆ, ಮಾಲಕರು ನಿಮ್ಮ ಮುಖ ನೋಡಿದಾಗ "ಇಲ್ಲ, ಶಟ್‌ಡೌನ್ ಬೇಕು" ಎನ್ನಿ. ಆ ದಿನ ನಾನು ಅದನ್ನು ಹೇಳಲಿಲ್ಲ. ಮಾಲಕರು ಒತ್ತಾಯ ಕೂಡ ಮಾಡಿರಲಿಲ್ಲ. ತಪ್ಪು ನನ್ನದೇ. ನೀವು ಕೆಲಸಗಾರರಾಗಿದ್ದರೆ, ಯಾರೇ ಹೇಳಲಿ, ಬೀಗದ ಕೀಲಿ ನಿಮ್ಮ ಕಿಸೆಗೆ ಬರುವ ತನಕ ಬಾಗಿಲು ತೆರೆಯಬೇಡಿ.

ನೀವು ಮನೆಯಲ್ಲಿ ಇದನ್ನು ಕೇಳುತ್ತಿರುವ ತಾಯಿಯೋ ಹೆಂಡತಿಯೋ ಆಗಿದ್ದರೆ, ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಆರ್ಕ್ ತಡೆಯುವ ಯೂನಿಫಾರ್ಮ್ ಮನೆಗೆ ತಂದರೆ ಅದಕ್ಕೆ ಬ್ಲೀಚ್ ಹಾಕಬೇಡಿ, ಮೆತ್ತಗಾಗಲಿ ಎಂದು ಸಾಫ್ಟ್‌ನರ್ ಕೂಡ ಬೇಡ, ಬಟ್ಟೆಯ ಗುಣ ಹಾಳಾಗುತ್ತದೆ. ಮತ್ತೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರನ್ನು ಕೇಳಿ: "ಪ್ಯಾನಲ್ ತೆರೆಯುವ ಮೊದಲು ಬಂದ್ ಮಾಡ್ತೀರಾ? ಕೀಲಿ ಯಾರ ಹತ್ತಿರ ಇರ್ತದೆ?" ಉತ್ತರ ಕೊಡಲು ಅವರು ತಡವರಿಸಿದರೆ ಬಿಡಬೇಡಿ, ನಾಳೆಯೂ ಕೇಳಿ.

ಆ ಹುಡುಗ ಈಗ ಊರಿನಲ್ಲಿದ್ದಾನೆ. ಮುಷ್ಟಿ ಪೂರ್ತಿ ಕಟ್ಟಲು ಬರುವುದಿಲ್ಲ, ಆದ್ದರಿಂದ ಪಾನಾ ಹಿಡಿಯುವ ಕೆಲಸ ಮತ್ತೆ ಮಾಡಲಿಲ್ಲ. ಒಂದು ಅಂಗಡಿ ಇಟ್ಟುಕೊಂಡಿದ್ದಾನೆ, ಮದುವೆಯಾಗಿ ಇಬ್ಬರು ಮಕ್ಕಳು. ಊರಿಗೆ ಹೋದಾಗಲೆಲ್ಲ ನಾನು ಅಲ್ಲಿ ಹೋಗಿ ಕೂರುತ್ತೇನೆ. ಅವನು ನನ್ನನ್ನು ಒಮ್ಮೆಯೂ ದೂರಲಿಲ್ಲ. ಹೋದ ಸಲ ಚಹಾ ಕೊಡುತ್ತ ಕೇಳಿದ, "ಅಣ್ಣ, ಈಗಲೂ ಅಲ್ಲಿ ಹುಡುಗರು ಬಂದ್ ಮಾಡದೆ ತೆರೀತಾರಾ?" ತೆರೆಯುತ್ತಾರೆ ಎಂದೆ. "ಹಾಗಾದರೆ ಯಾರಾದರೂ ಹೇಳಬೇಕಲ್ಲ" ಎಂದ. ಅದಕ್ಕೇ ಇವತ್ತು ನಿಮ್ಮ ಮುಂದೆ ಬಂದೆ.